ದ್ವೀಪದ ಬಾಡಿಗೆ

ಕಿರಿಯ: ಲಕ್ಷದ್ವೀಪದ ಕಡಮತ್ ಮತ್ತು ಸುಹೇಲಿಯಲ್ಲಿ ತಾಜ್ ಹೆಸರಿನ ಎರಡು ರೆಸಾರ್ಟ್ ಕಟ್ಟುತ್ತೇವೆ ಎಂದು ಟಾಟಾದವರ ಹೋಟೆಲ್ ಕಂಪನಿ 2023ರ ಜನವರಿಯಲ್ಲೇ ಹೇಳಿತು. ಮರುವರ್ಷ ಪ್ರಧಾನಿ ಅಲ್ಲಿಗೆ ಹೋಗಿ ಬಂದ ಮೇಲಂತೂ ಮಾಲ್ದೀವ್ಸ್ ಬಿಟ್ಟು ಲಕ್ಷದ್ವೀಪಕ್ಕೇ ಹೋಗೋಣ ಎನ್ನುವವರ ಗದ್ದಲ ಜೋರಾಯಿತು. ನೀವು ಮಾತ್ರ ಆ ಮಾತು ಬಂದಾಗೆಲ್ಲ ಹುಬ್ಬು ಗಂಟಿಕ್ಕುತ್ತೀರಿ. ಅಲ್ಲ ಕಾಕಾ, ವಿಜಯಪುರ ಜಿಲ್ಲೆಯ ಜೈನಾಪುರದಲ್ಲಿ ಕೂತ ನಮಗೆ ಅರಬ್ಬಿ ಸಮುದ್ರದ ನಡುವಿನ ಹೋಟೆಲಿಗೆ ಸರ್ಕಾರ ರಿಯಾಯಿತಿ ಕೊಟ್ಟರೇನು, ಬಿಟ್ಟರೇನು?

ಹಿರಿಯ: ಕಡಮತ್ ನೀನು ತಿಳಿದಷ್ಟು ಪರದೇಶವಲ್ಲ ತಮ್ಮಾ. 1780ರ ದಶಕದಲ್ಲಿ ಅಮಿನಿ ದ್ವೀಪದವರು ಕಣ್ಣಾನೂರಿನ ಅರಕ್ಕಲ್ ಬೀಬಿಯ ಆಡಳಿತಕ್ಕೆ ಬೇಸತ್ತು ಮಂಗಳೂರಿಗೆ ಬಂದು ಟಿಪ್ಪುವಿನ ಮೊರೆಹೊಕ್ಕರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಹೀಗೆ ಮೈಸೂರಿನ ಕೈಸೇರಿದವು. ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಅವನ್ನು ಮಂಗಳೂರಿನಿಂದಲೇ ಆಳಿತು. ದಕ್ಷಿಣ ಕನ್ನಡದ ಕಲೆಕ್ಟರನೇ ಅವುಗಳಿಗೂ ಕಲೆಕ್ಟರ್. 1956ರ ನವೆಂಬರ್ 1ರಂದು ನಮ್ಮ ಬಿಜಾಪುರ ಮುಂಬಯಿ ರಾಜ್ಯ ಬಿಟ್ಟು ಮೈಸೂರು ಸೇರಿದ ದಿನವೇ ಆ ದ್ವೀಪಗಳು ಮಂಗಳೂರು ಬಿಟ್ಟು ಕೇಂದ್ರಾಡಳಿತ ಪ್ರದೇಶವಾದವು. ಮಂಗಳೂರಿನ ಆಡಳಿತ ಅವರನ್ನು ನಡೆಸಿಕೊಂಡ ರೀತಿಯನ್ನೂ ತಿಳಿದಿರಬೇಕು. ದ್ವೀಪದವರು ಹೊಸೆದ ತೆಂಗಿನ ನಾರಿನ ಹುರಿಯನ್ನು ಸರ್ಕಾರಕ್ಕೇ ಮಾರಬೇಕಿತ್ತು. ದರ ಗೊತ್ತುಮಾಡುತ್ತಿದ್ದದ್ದು ಸರ್ಕಾರ, ಬದಲಿಗೆ ಕೊಡುತ್ತಿದ್ದ ಅಕ್ಕಿಯ ಲೆಕ್ಕವೂ ಸರ್ಕಾರದ್ದೇ. ದ್ವೀಪದಲ್ಲಿರುವುದಕ್ಕೆ ಬೆಲೆ ಕಟ್ಟುವವರು ದಂಡೆಯಲ್ಲಿ ಕೂತಿರುವ ಪದ್ಧತಿ ಇವತ್ತಿನದಲ್ಲ. ಇನ್ನು ರಿಯಾಯಿತಿ ನಮಗೆ ಸಂಬಂಧವಿಲ್ಲದ ವಿಷಯ ಎಂದೆಯಲ್ಲ, ಕರ್ನಾಟಕದ ಪ್ರವಾಸೋದ್ಯಮ ನೀತಿಗಳನ್ನು ತೆಗೆದು ನೋಡು. ಬಂಡವಾಳಕ್ಕೆ ಸಹಾಯಧನ, ಮುದ್ರಾಂಕ ಶುಲ್ಕದಲ್ಲಿ ವಿನಾಯಿತಿ, ಇವೇ ಮಾತುಗಳು. ಆಲಮಟ್ಟಿಯಲ್ಲಿ ರೆಸಾರ್ಟ್ ಬೇಕು, ಗೋಳಗುಮ್ಮಟದ ಊರಿಗೆ ದೊಡ್ಡ ಹೋಟೆಲ್ ಬೇಕು ಎಂದು ನಾಳೆ ಇಲ್ಲಿಯೂ ಕೇಳುವವರಿದ್ದಾರೆ. ಅಲ್ಲಿ ಕೊಡುವ ರಿಯಾಯಿತಿ ಸರಿಯೋ ತಪ್ಪೋ ಎಂದು ತೂಗಲು ಕಲಿತರೆ ಇಲ್ಲಿಯದನ್ನೂ ತೂಗಬಹುದು.

ಕಿರಿಯ: ತೂಗುವುದಕ್ಕೆ ಅದರಲ್ಲಿ ಅಂಥ ಗೂಢವೇನಿದೆ? 2018ರಲ್ಲಿ ಕೇಂದ್ರ ಸರ್ಕಾರ ಲಕ್ಷದ್ವೀಪ ಮತ್ತು ಅಂಡಮಾನಿಗೆಂದೇ ಒಂದು ಕೈಗಾರಿಕಾ ಅಭಿವೃದ್ಧಿ ಯೋಜನೆ ಮಾಡಿತು. ಹೂಡಿಕೆಯ ಒಂದು ಪಾಲು ಸರ್ಕಾರದ್ದು, ಸಾಲದ ಬಡ್ಡಿಯಲ್ಲಿ ಪಾಲು, ವಿಮೆಯ ಕಂತು, ಹಡಗಿನಲ್ಲಿ ಸಾಮಾನು ಸಾಗಿಸಿದ ವೆಚ್ಚದಲ್ಲಿ ಪಾಲು. ನೀತಿ ಆಯೋಗ ದ್ವೀಪಗಳನ್ನು ಆರಿಸಿತು. 2021ರಲ್ಲಿ ಮಿನಿಕಾಯ್, ಸುಹೇಲಿ, ಕಡಮತ್ ಮೂರಕ್ಕೂ ಟೆಂಡರ್ ಕರೆದರು. ಒಟ್ಟು ಸುಮಾರು 800 ಕೋಟಿ ರೂಪಾಯಿಯ ಕೆಲಸ, 75 ವರ್ಷದ ಗುತ್ತಿಗೆ. ಪರಿಸರದ್ದು, ಕರಾವಳಿ ನಿಯಂತ್ರಣದ್ದು, ಎಲ್ಲ ಅನುಮತಿಗಳನ್ನೂ ಸರ್ಕಾರವೇ ಮೊದಲು ಪಡೆದು ಕೊಡುತ್ತದೆ ಎಂದರು. ಹಿಂದುಳಿದ, ದೂರದ, ವರ್ಷದಲ್ಲಿ ನಾಲ್ಕು ತಿಂಗಳು ಮಳೆಗಾಲದ ಕಡಲು ದಾಟಿ ಹೋಗಬೇಕಾದ ಜಾಗಕ್ಕೆ ಬಂಡವಾಳ ತಾನಾಗಿ ಬರುವುದಿಲ್ಲ. ಅದನ್ನು ಕರೆಯಲು ಸರ್ಕಾರ ಕೈಯಿಂದ ಸ್ವಲ್ಪ ಹಾಕುತ್ತದೆ, ಅಷ್ಟೇ.

ಹಿರಿಯ: ಕೈಯಿಂದ ಹಾಕುವುದಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳನ್ನೇ ತೆಗೆದುಕೊ. ಹನಿ ನೀರಾವರಿಗೆ ಎರಡು ಹೆಕ್ಟೇರಿನವರೆಗೆ ಶೇ. 90ರವರೆಗೂ ಸಹಾಯಧನ ಕೊಡುತ್ತಾರೆ. ಅಷ್ಟು ದೊಡ್ಡ ಮೊತ್ತವನ್ನು ಖಾಸಗಿ ತೋಟಕ್ಕೆ ಏಕೆ ಕೊಡಬೇಕು ಎಂದು ಯಾರೂ ತಕರಾರು ತೆಗೆಯುವುದಿಲ್ಲ. ಏಕೆಂದರೆ ಈ ಸೀಮೆಯಲ್ಲಿ ಕೊರತೆ ಇರುವುದು ನೀರಿಗೆ. ಆ ಕೊರತೆಯ ವಸ್ತುವನ್ನು ಉಳಿಸಿದವನಿಗೆ ಸರ್ಕಾರ ಹಣ ಕೊಡುತ್ತದೆ. ಉಳಿದ ನೀರು ಪಕ್ಕದ ಹೊಲದವನಿಗೂ ಸಿಗುತ್ತದೆ. ಸಹಾಯಧನಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಇಲ್ಲ. ಇದೇ ಅಳತೆಯನ್ನು ದ್ವೀಪಕ್ಕೆ ಹಿಡಿ. ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿ.ಮೀ.; 2011ರ ಜನಗಣತಿಯಲ್ಲಿ ಜನ 64,473. ನಮ್ಮ ಒಂದು ದೊಡ್ಡ ಹಳ್ಳಿಯ ಸೀಮೆಯೇ ಅಷ್ಟಿರುತ್ತದೆ. ಅಲ್ಲಿ ಕೊರತೆ ಇರುವುದು ನೆಲಕ್ಕೆ, ಸಿಹಿನೀರಿಗೆ, ಹವಳದ ದಿಬ್ಬದ ಒಳಗೆ ನಿಂತಿರುವ ತಿಳಿಗಡಲಿಗೆ, ಅವರು ಲಗೂನ್ ಎನ್ನುವುದಕ್ಕೆ. ರೆಸಾರ್ಟ್ ಮಾರುವುದೂ ಇವನ್ನೇ. ನೆಲದ ಅಂಚು, ಲಗೂನಿನ ಮೇಲೆ ಕಂಬ ನೆಟ್ಟ ಕೋಣೆ, ಬೇರೆ ಯಾರೂ ಕಾಣದ ಏಕಾಂತ. ಕೊರತೆಯ ವಸ್ತುವನ್ನು ಉಳಿಸುವವನಿಗೆ ಕೊಡಬೇಕಾದದ್ದನ್ನು ಖರ್ಚು ಮಾಡುವವನಿಗೆ ಕೊಡುತ್ತಿದ್ದೇವೆ. ನೀನು ಹೇಳಿದ ಪಟ್ಟಿಯಲ್ಲಿ ಬಡ್ಡಿ, ವಿಮೆ, ಹಡಗಿನ ಬಾಡಿಗೆ ಇವುಗಳ ಬಗ್ಗೆ ನನ್ನ ಜಗಳವಿಲ್ಲ. ಅವು ಕಣ್ಣಿಗೆ ಕಾಣುವ ಖರ್ಚು, ಬಜೆಟ್ಟಿನಲ್ಲಿ ಬರುತ್ತವೆ, ಸಂಸತ್ತು ಪ್ರಶ್ನೆ ಕೇಳಬಹುದು. ಎಲ್ಲಕ್ಕಿಂತ ದೊಡ್ಡ ರಿಯಾಯಿತಿಗಳು ಇನ್ನೆರಡು: 75 ವರ್ಷದ ಗುತ್ತಿಗೆ ಮತ್ತು ಮುಂಗಡ ಅನುಮತಿ. ಇವೆರಡೂ ಯಾವ ಬಜೆಟ್ಟಿನಲ್ಲೂ ಒಂದು ರೂಪಾಯಿಯಾಗಿಯೂ ಕಾಣುವುದಿಲ್ಲ. ಅನುಮತಿ ಕೇಳುವವರೂ ಕೊಡುವವರೂ ಒಂದೇ ಸರ್ಕಾರದವರಾದಾಗ ಬೇಡ ಎನ್ನುವವರು ಯಾರು? 2012ರಲ್ಲಿ ಅಗತ್ತಿ ದ್ವೀಪದ ಒಂದು ರೆಸಾರ್ಟಿನ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಆಗ ಕೋರ್ಟು ಒಂದು ಕಟ್ಟಡದ ಪ್ರಶ್ನೆಗೆ ನಿಲ್ಲದೆ, ಇಡೀ ದ್ವೀಪಸಮೂಹದ ಧಾರಣಶಕ್ತಿ ಎಷ್ಟೆಂದು ನೋಡಲು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರ ಸಮಿತಿ ನೇಮಿಸಿತು. ಪ್ರಶ್ನೆಯನ್ನು ಕೇಳಬೇಕಾದ ರೀತಿ ಅದು.

ಕಿರಿಯ: ನೀರಿನ ಕೊರತೆ ಎಂದಿರಿ. ಸಮುದ್ರದ ನಡುವೆ ಕೂತವರಿಗೆ ನೀರಿನ ಕೊರತೆ ಎನ್ನುವುದು ಹಳೆಯ ಕಾಲದ ಮಾತು. ಉಪ್ಪುನೀರು ಸಿಹಿ ಮಾಡುವ ಸ್ಥಾವರ ಕವರತ್ತಿಯಲ್ಲಿ 2005ರಿಂದಲೇ ಇದೆ. ಕಡಮತ್ತಿನ ಸ್ಥಾವರವನ್ನು ಪ್ರಧಾನಿಯವರೇ 2024ರ ಜನವರಿಯಲ್ಲಿ ಉದ್ಘಾಟಿಸಿದರು. ರೆಸಾರ್ಟಿನವರು ತಮ್ಮ ನೀರನ್ನು ತಾವೇ ಮಾಡಿಕೊಳ್ಳುತ್ತಾರೆ. ಊರವರ ಬಾವಿಗೆ ಅವರೇಕೆ ಕೈಹಾಕುತ್ತಾರೆ?

ಹಿರಿಯ: ಕಡಮತ್ತಿನ ಆ ಸ್ಥಾವರ ದಿನಕ್ಕೆ ಒಂದೂವರೆ ಲಕ್ಷ ಲೀಟರಿನದು. ಊರಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ. ತಲೆಗೆ ಮೂವತ್ತು ಲೀಟರೂ ಬರುವುದಿಲ್ಲ. ಜಲಜೀವನ ಮಿಷನ್ ನಮ್ಮ ಹಳ್ಳಿಗಳಿಗೆ ಗೊತ್ತುಮಾಡಿದ್ದು 55 ಲೀಟರ್. ಉಳಿದದ್ದಕ್ಕೆ ಅವರು ಮನೆಯ ಬಾವಿಯನ್ನೇ ನಂಬಬೇಕು. ಆ ಬಾವಿಯಲ್ಲಿರುವುದು ನಮ್ಮ ಕೊಳವೆಬಾವಿಯಂಥ ನೀರಲ್ಲ. ಮಳೆಯ ನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿ ನಿಂತದ್ದು. ಜೋರಾಗಿ ಎತ್ತಿದರೆ ಉಪ್ಪು ಮೇಲೇರುತ್ತದೆ. ಒಮ್ಮೆ ಏರಿದರೆ ಎಷ್ಟು ಮಳೆಗಾಲ ಕಾಯಬೇಕೋ. ಈಗ ರೆಸಾರ್ಟಿನ ಲೆಕ್ಕ. ಕಡಮತ್ತಿಗೆ ಹೇಳಿರುವುದು 110 ಕೋಣೆ, 75 ದಂಡೆಯ ಮೇಲೆ, 35 ನೀರಿನ ಮೇಲೆ. ಕೋಣೆಗೆ ಇಬ್ಬರು, ಸ್ನಾನ, ಈಜುಕೊಳ, ಬಟ್ಟೆ ಒಗೆತ, ಅಡುಗೆ ಎಲ್ಲ ಸೇರಿ ತಲೆಗೆ 500 ಲೀಟರ್ ಎಂದು ಹಿಡಿ. ಐಷಾರಾಮದ ಹೋಟೆಲಿಗೆ ಅದು ಹೆಚ್ಚಲ್ಲ. ದಿನಕ್ಕೆ ಒಂದು ಲಕ್ಷ ಹತ್ತು ಸಾವಿರ ಲೀಟರ್. ಊರಿಗೆಲ್ಲ ಸೇರಿ ಒಂದೂವರೆ ಲಕ್ಷ, ಇನ್ನೂರಿಪ್ಪತ್ತು ಮಂದಿಗೆ ಅದರ ಮುಕ್ಕಾಲು ಪಾಲಿಗೆ ಹತ್ತಿರ. ಅವರೇ ಮಾಡಿಕೊಳ್ಳುತ್ತಾರೆ, ನಿಜ. ಮಾಡಲು ವಿದ್ಯುತ್ ಬೇಕು. ದ್ವೀಪದ ವಿದ್ಯುತ್ತಿನ ಬಹುಪಾಲು ಬರುವುದು ದಂಡೆಯಿಂದ ಪೀಪಾಯಿ, ಬಾರ್ಜಿನಲ್ಲಿ ತಂದ ಡೀಸೆಲ್ಲಿನಿಂದ. ಸೌರಫಲಕ ಹಾಕೋಣ ಎಂದರೆ ಮತ್ತೆ ಅದೇ ನೆಲ. ಹೀಗೆ ಒಂದು ಕೊರತೆಯನ್ನು ತುಂಬಲು ಹೋದರೆ ಇನ್ನೊಂದು ಕೊರತೆಯ ಬಾಗಿಲಿಗೆ ಬಂದು ನಿಲ್ಲುತ್ತೀ. ನಮ್ಮ ಆದಿಲಶಾಹಿಗಳೂ ನೀರಿಲ್ಲದ ಕಡೆ ರಾಜಧಾನಿ ಕಟ್ಟಿದವರೇ. ತೊರವಿಯಿಂದ ಸುರಂಗದಲ್ಲಿ ನೀರು ತಂದರು, 1579ರಲ್ಲಿ ಚಾಂದ ಬಾವಡಿ, 1620ರಲ್ಲಿ ತಾಜ ಬಾವಡಿ, 1651ರಲ್ಲಿ ಬೇಗಂ ತಲಾಬ. ಪೇಟೆ ಹಿಗ್ಗಿದಂತೆಲ್ಲ ಕೋಟೆಯ ಆಚೆಗೆ ಕೈಚಾಚಿದರು, ಆಚೆಗೆ ನೆಲವಿತ್ತು. ಮತ್ತೆ ಆ ನೀರು ಅರಮನೆಗಷ್ಟೇ ಅಲ್ಲ, ಪೇಟೆಗೂ ಹರಿಯಿತು. ಕಡಮತ್ತಿಗೆ ಆಚೆ ಎಂಬುದು ಇಲ್ಲ. ಮೂರು ಚದರ ಕಿಲೋಮೀಟರಿಗೆ ತುಸು ಹೆಚ್ಚು ನೆಲ, ಅದೂ ಉದ್ದಕ್ಕೆ ಒಂದು ಪಟ್ಟಿ.

ಕಿರಿಯ: ನೆಲಕ್ಕೆ ಕೊರತೆ ಇದೆ ಎಂದೇ ಅಲ್ಲವೇ ನೀರಿನ ಮೇಲೆ ಕೋಣೆ ಕಟ್ಟುತ್ತಿರುವುದು? ಯಾರ ಹೊಲವೂ ಹೋಗುವುದಿಲ್ಲ, ಯಾರ ಮನೆಯೂ ಮುಳುಗುವುದಿಲ್ಲ. ಸುಹೇಲಿಯಲ್ಲಂತೂ ವಾಸವೇ ಇಲ್ಲ. ಆಲಮಟ್ಟಿಯಲ್ಲಿ ನಾವು ಕಂಡದ್ದಕ್ಕೆ ಹೋಲಿಸಿದರೆ ಇದು ಯಾರನ್ನೂ ನೋಯಿಸದ ಅಭಿವೃದ್ಧಿ.

ಹಿರಿಯ: ಆಲಮಟ್ಟಿಯ ಮಾತು ನೀನೇ ತೆಗೆದದ್ದು ಒಳ್ಳೆಯದಾಯಿತು. ಕೃಷ್ಣೆಯ ಹಿನ್ನೀರಿಗೆ ಜಮೀನು ಕೊಟ್ಟವರ ಗೋಳು ಈ ಸೀಮೆಗೆ ಹೊಸದಲ್ಲ. ಆದರೂ ಜಮೀನಿಗೆ ಸರ್ವೆ ನಂಬರ್ ಇತ್ತು, ಉತಾರ ಇತ್ತು. ಆ ಕಾಗದ ಹಿಡಿದು ಕೋರ್ಟಿಗೆ ಹೋಗಬಹುದಿತ್ತು, ಸಭೆ ಮಾಡಬಹುದಿತ್ತು, ದರ ಸಾಲದು ಎಂದು ಜಗಳ ಆಡಬಹುದಿತ್ತು. ಅಣೆಕಟ್ಟನ್ನು 519.6 ಮೀಟರಿನಿಂದ 524.256ಕ್ಕೆ ಎತ್ತರಿಸುವ ಮೂರನೆಯ ಹಂತಕ್ಕೆ 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಎಕರೆಗೆ ನೀರಾವರಿ ಜಮೀನಾದರೆ 40 ಲಕ್ಷ, ಒಣಬೇಸಾಯದ್ದಾದರೆ 30 ಲಕ್ಷ ಎಂದು ಗೊತ್ತುಮಾಡಿತು. ಅದು ಹೋರಾಡಿ ಪಡೆದ ಬೆಲೆ. ಲಗೂನಿಗೆ ಸರ್ವೆ ನಂಬರ್ ಇಲ್ಲ. ಅದು ಯಾರದೂ ಅಲ್ಲ ಎಂದು ಕಾಗದ ಹೇಳುತ್ತದೆ, ಎಲ್ಲರೂ ಬದುಕುವುದು ಅದರಿಂದಲೇ. ಲಕ್ಷದ್ವೀಪದವರು ಟ್ಯೂನಾ ಹಿಡಿಯುವುದು ಬಲೆ ಬೀಸಿ ಕಡಲು ಬಾಚಿಕೊಂಡಲ್ಲ. ಗಾಳದ ಕೋಲಿನಿಂದ ಒಂದೊಂದೇ ಮೀನು ಎತ್ತುತ್ತಾರೆ. ಅದಕ್ಕೆ ಜೀವಂತ ಸಣ್ಣಮೀನು ಎರೆಯಾಗಿ ಬೇಕು, ಆ ಎರೆಮೀನು ಸಿಗುವುದು ಲಗೂನಿನಲ್ಲಿ. ದೂರದ ಕಡಲಿನ ಆದಾಯಕ್ಕೆ ಮನೆ ಮುಂದಿನ ಆಳವಿಲ್ಲದ ನೀರೇ ಬಂಡವಾಳ. ಸುಹೇಲಿಯಲ್ಲಿ ವಾಸವಿಲ್ಲದಿರಬಹುದು, ಕವರತ್ತಿಯವರು ಹಂಗಾಮಿನಲ್ಲಿ ಅಲ್ಲಿಗೆ ಮೀನಿಗೆ ಹೋಗುತ್ತಾರೆ, ತೆಂಗಿನಕಾಯಿ ಕೆಡವಿ ತರುತ್ತಾರೆ. ನಮ್ಮಲ್ಲಿ ಗೋಮಾಳ ಖಾಲಿ ಇದೆ ಎಂದು ಹೇಳುವವರು ದನ ಸಾಕದವರೇ.

ಇನ್ನೊಂದು ಮಾತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯ ವಿಜ್ಞಾನಿಗಳು ಅಗತ್ತಿ, ಕಡಮತ್, ಕವರತ್ತಿಯ ಹವಳವನ್ನು 1998ರಿಂದ ಗಮನಿಸುತ್ತ ಬಂದಿದ್ದಾರೆ. 1998, 2010, 2016, ಈ ವರ್ಷಗಳಲ್ಲಿ ಕಡಲು ಕಾದು ಹವಳ ಬಿಳುಚಿ ಸತ್ತಿತು. ಶುರುವಿನಲ್ಲಿ ಶೇ. 37ರ ಆಸುಪಾಸಿನಲ್ಲಿದ್ದ ಹವಳದ ಹೊದಿಕೆ ಇಪ್ಪತ್ನಾಲ್ಕು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಇದಕ್ಕೆ ರೆಸಾರ್ಟ್ ಕಾರಣವಲ್ಲ, ಅದನ್ನು ರೆಸಾರ್ಟಿನ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಹೀಗೆ ಸೊರಗಿದ ದಿಬ್ಬವೇ ಮಳೆಗಾಲದ ಅಲೆಯಿಂದ ಆ ನೆಲವನ್ನು ಕಾಯುತ್ತಿರುವುದು. ಅದು ಚೇತರಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಕಂಬ, ದೋಣಿದಾರಿ, ಕೊಳಚೆ, ದೀಪ ಇವೆಲ್ಲವನ್ನೂ ಅದರ ಮಗ್ಗುಲಿಗೆ ತರುವವನಿಗೆ 75 ವರ್ಷದ ಕರಾರು ಬರೆದುಕೊಡುವುದೆಂದರೆ, ಮೂವತ್ತು ವರ್ಷದ ನಂತರ ಆ ದಿಬ್ಬ ಹೇಗಿರುತ್ತದೆಂದು ನಮಗೆ ಗೊತ್ತಿದೆ ಎಂಬಂತೆ ನಡೆದುಕೊಂಡ ಹಾಗೆ.

ಕಿರಿಯ: ಹಾಗಾದರೆ ಮಾಲ್ದೀವ್ಸ್ ಹೇಗೆ ಉದ್ಧಾರವಾಯಿತು? ಅವರದೂ ಹವಳದ ದ್ವೀಪಗಳೇ, ನೀರಿಲ್ಲ, ನೆಲವಿಲ್ಲ. 1972ರಲ್ಲಿ ಮೊದಲ ರೆಸಾರ್ಟ್ ತೆಗೆದರು. ಅದಕ್ಕೆ ಮೊದಲು ಒಣಮೀನು ಮಾರಿ ಬದುಕುತ್ತಿದ್ದವರು ಇವತ್ತು ದಕ್ಷಿಣ ಏಷ್ಯಾದಲ್ಲೇ ತಲಾ ಆದಾಯದಲ್ಲಿ ಮುಂದೆ. ನಾವು ಲೆಕ್ಕ ಹಾಕುತ್ತ ಕೂತೆವು, ಅವರು ಕಟ್ಟಿಕೊಂಡರು.

ಹಿರಿಯ: ಮಾಲ್ದೀವ್ಸ್ ನನ್ನ ಪರವಾದ ಸಾಕ್ಷಿ. ಅವರಲ್ಲಿ ಸುಮಾರು 1,200 ದ್ವೀಪ, ಜನವಸತಿ ಇರುವುದು ಇನ್ನೂರರ ಆಸುಪಾಸು. ಒಂದು ರೆಸಾರ್ಟಿಗೆ ಒಂದು ಇಡೀ ಖಾಲಿ ದ್ವೀಪ ಕೊಟ್ಟರೂ ಅವರ ಗಂಟು ಕರಗುವುದಿಲ್ಲ. ನಮ್ಮಲ್ಲಿರುವುದು ಒಟ್ಟು 36, ಜನ ಇರುವುದು ಹತ್ತರಲ್ಲಿ. ಅವರ ಹಾಗೆ ಎಣಿಕೆ ಮಾಡುವ ಸವಲತ್ತು ನಮಗಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಆ ಸರ್ಕಾರ ರೆಸಾರ್ಟಿನಿಂದ ವಸೂಲಿ ಮಾಡುವ ಬಗೆ. ದ್ವೀಪಕ್ಕೆ ಬಾಡಿಗೆ. ಪ್ರವಾಸಿಯ ಬಿಲ್ಲಿನ ಮೇಲೆ ತೆರಿಗೆ, 2025ರ ಜುಲೈಯಿಂದ ಅದು ಶೇ. 17. ಅದರ ಮೇಲೆ ಹಸಿರು ತೆರಿಗೆ. 2015ರಲ್ಲಿ ತಲೆಗೆ ರಾತ್ರಿಗೆ 6 ಡಾಲರ್ ಇದ್ದದ್ದು 2025ರ ಜನವರಿಯಿಂದ ರೆಸಾರ್ಟುಗಳಿಗೆ 12 ಡಾಲರ್. ಪ್ರವಾಸಿಗಳು ಓಡಿಹೋಗಲಿಲ್ಲ. ಬೇರೆಲ್ಲೂ ಸಿಗದ ವಸ್ತು ಕೈಯಲ್ಲಿದ್ದಾಗ ಗಿರಾಕಿಯನ್ನು ಅಂಗಲಾಚಬೇಕಾಗಿಲ್ಲ, ಬೆಲೆ ಹೇಳಬೇಕು ಎಂಬ ಪಾಠವನ್ನು ಅವರು ಕಲಿತರು. ನಾವು ಅವರ ನೀರಿನ ಮೇಲಿನ ಕೋಣೆಯ ಚಿತ್ರವನ್ನಷ್ಟೇ ಕಲಿತಿದ್ದೇವೆ. ಇನ್ನೊಂದು ಪಾಠ ತಡವಾಗಿ ಕಲಿತರು. ಸುಮಾರು ನಾಲ್ಕು ದಶಕ ರೆಸಾರ್ಟಿನ ದುಡ್ಡು ಕಂಪನಿಗೆ, ರಾಜಧಾನಿ ಮಾಲೆಗೆ ಹೋಯಿತು, ಮೀನುಗಾರನ ಹಳ್ಳಿಗೆ ಸಿಕ್ಕಿದ್ದು ಕಡಿಮೆ. 2008ರಲ್ಲಿ ನಶೀದ್ ಅಧ್ಯಕ್ಷರಾದ ಮೇಲೆ ಜನವಸತಿಯ ದ್ವೀಪಗಳಲ್ಲಿ ಊರವರೇ ಅತಿಥಿಗೃಹ ನಡೆಸಬಹುದು ಎಂದು ಬಾಗಿಲು ತೆಗೆದರು. ಇವತ್ತು ಅಂಥವು ನೂರಾರಿವೆ. ನಾವು ಮಾತ್ರ ಅವರು 1972ರಲ್ಲಿ ನಿಂತಿದ್ದ ಮೆಟ್ಟಿಲಿನಿಂದ ಶುರುಮಾಡುತ್ತೇವೆ ಎಂದು ಹೊರಟಿದ್ದೇವೆ.

ಕಿರಿಯ: ಅತಿಥಿಗೃಹದ ಮಾತು ಕೇಳಲು ಚೆಂದ. ಮನೆಗೊಂದು ಹೋಂಸ್ಟೇ ಆದರೆ ಮನೆಗೊಂದು ಶೌಚಗುಂಡಿ, ಅದು ಇಂಗುವುದು ನೀವೇ ಹೇಳಿದ ಆ ತೆಳ್ಳನೆಯ ಬಾವಿನೀರಿಗೆ. ಗೋಕರ್ಣ, ಹಂಪಿಯಲ್ಲಿ ನೋಡುತ್ತಿಲ್ಲವೇ? ದೊಡ್ಡ ರೆಸಾರ್ಟ್ ಕೊಳಚೆ ಶುದ್ಧೀಕರಣ ಘಟಕ ಇಡುತ್ತದೆ, ಕಸ ಹಿಂದಕ್ಕೆ ಕಳಿಸುತ್ತದೆ, ನಿಯಮ ಮುರಿದರೆ ಹಿಡಿಯಲು ಒಬ್ಬನೇ ಸಿಗುತ್ತಾನೆ. ಕೆಲಸವೂ ಹಾಗೆ. ಲಕ್ಷದ್ವೀಪದಲ್ಲಿ ಶೇ. 90ಕ್ಕೂ ಹೆಚ್ಚು ಜನ ಓದುಬರಹ ಬಲ್ಲವರು, ಓದಿದ ಹುಡುಗರು ಸರ್ಕಾರಿ ನೌಕರಿಗೆ ಕಾಯುತ್ತ ಕೂತಿದ್ದಾರೆ ಅಥವಾ ಕೇರಳಕ್ಕೆ ಹೋಗುತ್ತಾರೆ. ಅವರಿಗೆ ಊರಲ್ಲೇ ಸಂಬಳ ಕೊಡುವವರು ಬಂದರೆ ಬೇಡ ಎನ್ನಲು ನಾವು ಯಾರು?

ಹಿರಿಯ: ಕೊಳಚೆಯ ಮಾತು ಪೂರ್ತಿ ನಿಜ. ಹೋಂಸ್ಟೇ ಎಂದ ಮಾತ್ರಕ್ಕೆ ಪುಣ್ಯಕಾರ್ಯವಲ್ಲ; ನೂರು ಸಣ್ಣ ಗುಂಡಿಗಳಿಗಿಂತ ಒಂದು ಒಳ್ಳೆಯ ಘಟಕ ವಾಸಿ. ಅದಕ್ಕೇ ಸರ್ಕಾರದ ಹಣ ಹೋಗಬೇಕಾದದ್ದು ಅಲ್ಲಿಗೆ. ಊರಿನ ಒಳಚರಂಡಿ, ಶುದ್ಧೀಕರಣ ಘಟಕ, ಕಸದ ದೋಣಿ, ಆಸ್ಪತ್ರೆ, ಹಡಗು. ಇವು ಬಂದರೆ ಹೋಂಸ್ಟೇಗೂ ಆಗುತ್ತದೆ, ಪ್ರವಾಸಿ ಬರದ ವರ್ಷದಲ್ಲಿ ಊರಿಗೂ ಆಗುತ್ತದೆ. ರೆಸಾರ್ಟಿನ ಬೇಲಿಯೊಳಗಿನ ಘಟಕ ಬೇಲಿಯೊಳಗೇ ಉಳಿಯುತ್ತದೆ. ಕೆಲಸದ ಮಾತಿಗೆ ನನ್ನ ವಿರೋಧ ಇಲ್ಲ. ಆದರೆ ಕೆಲಸ ಸಿಗುತ್ತದೆ ಎಂಬುದು ಭರವಸೆಯ ಮಾತಾಗಬಾರದು, ಕರಾರಿನ ಕಲಮಾಗಬೇಕು: ಎಷ್ಟು ಜನ, ಯಾವ ದರ್ಜೆಯಲ್ಲಿ, ಎಷ್ಟು ವರ್ಷದಲ್ಲಿ ಅಡುಗೆಮನೆ ಮತ್ತು ಕಚೇರಿಯ ಮೇಲಿನ ಹುದ್ದೆಗಳಿಗೆ ದ್ವೀಪದವರು ಬರಬೇಕು. ಓದಿದ ಹುಡುಗನನ್ನು ಬುಟ್ಟಿ ಹೊರಲಷ್ಟೇ ಕರೆದರೆ ಅವನು ಕೇರಳಕ್ಕೇ ಹೋಗುತ್ತಾನೆ, ಕೆಲಸ ಖಾಲಿ ಉಳಿಯಿತೆಂದು ಕಂಪನಿ ಹೊರಗಿನವರನ್ನು ತರುತ್ತದೆ, ಅವರಿಗೂ ನೀರು ನೆಲ ಬೇಕು. ಸರ್ಕಾರ ತಾನೇ ನಡೆಸುವ ದಾರಿಯೂ ಇಲ್ಲದಿಲ್ಲ. ಕರ್ನಾಟಕ 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಕಟ್ಟಿ ಕಬಿನಿಯಲ್ಲಿ ಶುರುಮಾಡಿತು, ಮುಂದೆ ಕಾರವಾರದ ದೇವಬಾಗದ ದಂಡೆಗೂ ಬಂತು. ಲಕ್ಷದ್ವೀಪದಲ್ಲೂ 1982ರಿಂದ ಸರ್ಕಾರದ್ದೇ ಒಂದು ಪ್ರವಾಸಿ ಸಂಸ್ಥೆ ಇದೆ. ಅದರ 'ಸಮುದ್ರಂ' ಪ್ರವಾಸದಲ್ಲಿ ಹಗಲು ದ್ವೀಪ ನೋಡಿ ರಾತ್ರಿ ಹಡಗಿನಲ್ಲೇ ಮಲಗುತ್ತಾರೆ. ನೆಲದ ಮೇಲೆ ಒಂದು ಕೋಣೆಯೂ ಬೇಡ, ಎಂಥ ಜಾಣ ಏರ್ಪಾಡು! ಇಂಥದಕ್ಕೆ ಪತ್ರಿಕೆಯಲ್ಲಿ ಬಣ್ಣದ ಜಾಹೀರಾತು ಬರುವುದಿಲ್ಲ, ಅಷ್ಟೇ ಅದರ ದೋಷ.

ಕಿರಿಯ: ನಿಮ್ಮ ವಾದ ಹಿಡಿದರೆ ಎಲ್ಲ ಕಡೆಯೂ ಸಹಾಯಧನ ನಿಲ್ಲಿಸಬೇಕಾಗುತ್ತದೆ. ನಮ್ಮ ವಿಜಯಪುರಕ್ಕೇ ಬನ್ನಿ. 1656ರ ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನು. ಇಷ್ಟಿದ್ದೂ ಪ್ರವಾಸಿ ಬೆಳಿಗ್ಗೆ ಬಂದು ಸಂಜೆಗೆ ಬಾದಾಮಿಗೋ ಸೊಲ್ಲಾಪುರಕ್ಕೋ ಗಾಡಿ ಹತ್ತುತ್ತಾನೆ. ಬುರಣಾಪುರದ ಬಳಿ ವಿಮಾನ ನಿಲ್ದಾಣ ಕಟ್ಟಿದರು. ಇಳಿದವನು ಎಲ್ಲಿ ಉಳಿಯಬೇಕು? ಕೊಲ್ಹಾರದ ಕಡೆ ಹಿನ್ನೀರಿನ ದಂಡೆಯಲ್ಲಿ ಯಾರಾದರೂ ರೆಸಾರ್ಟ್ ಕಟ್ಟುತ್ತೇನೆಂದರೆ ಅದಕ್ಕೂ ಬಾಡಿಗೆ ಕೊಡು, ರಿಯಾಯಿತಿ ಇಲ್ಲ ಎನ್ನುತ್ತೀರೇನು?

ಹಿರಿಯ: ಅದಕ್ಕೆ ಕೊಡು ಎನ್ನುತ್ತೇನೆ, ಷರತ್ತಿನ ಮೇಲೆ. ಇಲ್ಲಿಯ ಕೊರತೆ ಬೇರೆ. ಇಲ್ಲಿ ನೆಲಕ್ಕೆ ಬರವಿಲ್ಲ. ಪ್ರವಾಸಿ ಎರಡನೆಯ ದಿನ ಉಳಿಯುವುದಕ್ಕೆ ಬೇಕಾದ ಅನುಕೂಲಕ್ಕೆ, ಮೊದಲು ಧೈರ್ಯ ಮಾಡಿ ಹಣ ಹಾಕುವವನಿಗೆ ಬರ. ನೂರು ಕೋಣೆ ಬಂದರೆ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ ಸವೆಯುವುದಿಲ್ಲ. ಸ್ಮಾರಕದ ಸುತ್ತ ನೂರು ಮೀಟರ್ ಕಟ್ಟಡ ನಿಷೇಧ, ಅದರಾಚೆ ಇನ್ನೂರು ಮೀಟರ್ ನಿಯಂತ್ರಣ ಎಂಬ ಕಾನೂನೂ ಇದೆ. ಒಬ್ಬನು ಹೋಟೆಲ್ ಕಟ್ಟಿ ಗೆದ್ದರೆ ಆಟೋದವನು, ಖಾನಾವಳಿಯವರು, ತಿಕೋಟಾದ ಒಣದ್ರಾಕ್ಷಿ ಮಾರುವವನು, ಇನ್ನೊಬ್ಬ ಹೋಟೆಲಿನವನು ಎಲ್ಲರಿಗೂ ದಾರಿಯಾಗುತ್ತದೆ. ಮೊದಲಿಗನಿಗೆ ನಷ್ಟದ ಭಯ, ಲಾಭ ಹತ್ತು ಜನರಿಗೆ ಹಂಚಿಹೋಗುತ್ತದೆ. ಅಂಥ ಕಡೆ ಸರ್ಕಾರ ಕೈಹಿಡಿಯುವುದು ನ್ಯಾಯ. ದ್ವೀಪದಲ್ಲಿ ಮೊದಲಿಗನು ಬಂದರೆ ಎರಡನೆಯವನಿಗೆ ಜಾಗವೇ ಉಳಿಯುವುದಿಲ್ಲ. ನಮ್ಮ ಗೊಂದಲ ಇರುವುದು ಹಿಂದುಳಿದ ಪ್ರದೇಶ ಎಂಬ ಒಂದೇ ಹಣೆಪಟ್ಟಿಯಲ್ಲಿ. 2002ರಲ್ಲಿ ನಂಜುಂಡಪ್ಪ ಸಮಿತಿ 114 ಹಿಂದುಳಿದ ತಾಲ್ಲೂಕುಗಳನ್ನು ಮೂರು ದರ್ಜೆ ಮಾಡಿ ಹೇಳಿತು. ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿ ಹಂಚಲು ಅದು ಒಳ್ಳೆಯ ಅಳತೆ. ಅದೇ ಬಗೆಯ ಅಳತೆಯನ್ನು ಹಿಡಿದು ರೆಸಾರ್ಟಿಗೆ ರಿಯಾಯಿತಿ ಹಂಚಿದರೆ ಎಡವಟ್ಟು. ಆಸ್ಪತ್ರೆ, ಕಾಲೇಜಿನ ಲೆಕ್ಕದಲ್ಲಿ ಲಕ್ಷದ್ವೀಪ ಹಿಂದುಳಿದದ್ದೇ. ಆದರೆ ರೆಸಾರ್ಟಿನವನು ಕೊಳ್ಳಲು ಬಂದ ವಸ್ತುವಿನ ಲೆಕ್ಕದಲ್ಲಿ ದೇಶದಲ್ಲಿ ಅದರಷ್ಟು ಶ್ರೀಮಂತ ಜಾಗ ಇನ್ನೊಂದಿಲ್ಲ. ಬಡವನ ಮನೆಯಲ್ಲಿರುವ ಬಂಗಾರವನ್ನು ಮನೆ ಬಡವಾಗಿದೆ ಎಂದು ಅಗ್ಗಕ್ಕೆ ಕೇಳುವ ವ್ಯಾಪಾರ ಇದು. ಹಿನ್ನೀರಿನ ದಂಡೆಯ ಷರತ್ತು ಏನೆಂದರೆ, ಆ ದಂಡೆ ಈಗಾಗಲೇ ಊರು ಕಳೆದುಕೊಂಡವರ ಎದುರಿಗಿದೆ. ಮುಳುಗಡೆಗೆಂದು ಸ್ವಾಧೀನ ಮಾಡಿದ ನೆಲದ ಅಂಚು ನಾಳೆ ರೆಸಾರ್ಟಿನ ನೋಟವಾಗಿ ಮಾರಾಟವಾದರೆ ಅದರ ಬಾಡಿಗೆಯಲ್ಲಿ ಪುನರ್ವಸತಿ ಕೇಂದ್ರಗಳಿಗೆ ಪಾಲು ಇರಬೇಕು. ಹೋಟೆಲಿಗೆ ಸಹಾಯಧನ, ದಂಡೆಗೆ ಬಾಡಿಗೆ. ಎರಡೂ ಒಟ್ಟಿಗೆ ನಡೆಯಬಹುದು.

ಕಿರಿಯ: ಬಾಡಿಗೆ, ಬಾಡಿಗೆ ಎನ್ನುತ್ತೀರಿ. ಲಕ್ಷದ್ವೀಪದಲ್ಲಿ ಟೆಂಡರ್ ಕರೆದಿದ್ದಾರಲ್ಲ, ಹೆಚ್ಚು ಕೊಟ್ಟವನಿಗೆ ಹೋಗಿದೆ ಎಂದರೆ ಅದೇ ಬಾಡಿಗೆ ಅಲ್ಲವೇ? ಅದಕ್ಕಿಂತ ಹೆಚ್ಚು ಗೊತ್ತುಮಾಡುವವರು ಯಾರು? ಆ ಪ್ರದೇಶಕ್ಕೆ ವಿಧಾನಸಭೆಯೇ ಇಲ್ಲ, ಇರುವುದು ಒಬ್ಬ ಸಂಸದ, ಮೇಲೆ ದಿಲ್ಲಿ ನೇಮಿಸಿದ ಆಡಳಿತಾಧಿಕಾರಿ.

ಹಿರಿಯ: ಟೆಂಡರ್ ಕರೆದದ್ದು ಒಳ್ಳೆಯದೇ, ಕೇಳಿದವನಿಗೆ ಕೈಯೆತ್ತಿ ಕೊಡುವುದಕ್ಕಿಂತ ಎಷ್ಟೋ ಮೇಲು. ಆದರೆ ಟೆಂಡರಿನಲ್ಲಿ ಬೆಲೆ ಬರುವುದು ಮಾರಾಟಕ್ಕೆ ಇಟ್ಟದ್ದಕ್ಕೆ ಮಾತ್ರ. ಎರೆಮೀನಿನ ನೀರಿಗೆ ಅಲ್ಲಿ ಕಾಲಮ್ಮೇ ಇಲ್ಲ. ಇವತ್ತಿನ ಕಂಪನಿ ಇವತ್ತಿನ ಪ್ರವಾಸಿಯನ್ನು ನೋಡಿ ಹೇಳಿದ ಬೆಲೆ 75 ವರ್ಷಕ್ಕೆ ಅಂಟಿಕೊಳ್ಳುವುದೂ ತಪ್ಪು. ಗುತ್ತಿಗೆ ಇಪ್ಪತ್ತೈದು ವರ್ಷಕ್ಕೆ ಇರಲಿ, ಪ್ರತಿ ಐದು ವರ್ಷಕ್ಕೊಮ್ಮೆ ಹವಳದ ಹೊದಿಕೆ, ಬಾವಿಯ ಉಪ್ಪು ಅಳೆಯಲಿ. ಅಳೆಯುವವರು ಕಂಪನಿ ಸಂಬಳ ಕೊಡುವವರಾಗದಿರಲಿ. ಅಳತೆ ಕೆಟ್ಟರೆ ಕೋಣೆಯ ಸಂಖ್ಯೆ ಇಳಿಯಲಿ. ವಸೂಲಾದ ಬಾಡಿಗೆಯಲ್ಲಿ ದೊಡ್ಡ ಪಾಲು ದಿಲ್ಲಿಯ ಖಜಾನೆಗೆ ಹೋಗದೆ ಆ ದ್ವೀಪದ ಪಂಚಾಯಿತಿಗೆ ಹೋಗಲಿ. ವಿಧಾನಸಭೆ ಇಲ್ಲ ಎಂದೆಯಲ್ಲ, ಅದು ನನ್ನ ವಾದವನ್ನು ಗಟ್ಟಿ ಮಾಡುತ್ತದೆ. 2021ರಲ್ಲಿ ಭೂಸ್ವಾಧೀನದಲ್ಲಿ ಆಡಳಿತಕ್ಕೆ ವಿಶಾಲ ಅಧಿಕಾರ ಕೊಡುವ ಅಭಿವೃದ್ಧಿ ಪ್ರಾಧಿಕಾರದ ಕರಡು ಬಂದಾಗ ದ್ವೀಪದವರಿಗೆ ಉಳಿದದ್ದು ಪ್ರತಿಭಟನೆ ಮತ್ತು ಕೇರಳ ಹೈಕೋರ್ಟು. ನಮ್ಮ ಮುಳುಗಡೆಯವರಿಗೆ ಬೆಳಗಾವಿಯ ಅಧಿವೇಶನದಲ್ಲಿ ದನಿಯೆತ್ತುವ ಶಾಸಕರಾದರೂ ಇದ್ದಾರೆ. ಮತದ ಬಲ ಕಡಿಮೆ ಇರುವ ಕಡೆ ಕರಾರು ಹೆಚ್ಚು ಬಿಗಿಯಾಗಿರಬೇಕು; ನಾವು ತಿರುವುಮುರುವು ಮಾಡಿದ್ದೇವೆ.

ಕಿರಿಯ: ಇಷ್ಟೆಲ್ಲ ಬಿಗಿ ಮಾಡಿದರೆ ಯಾವ ಕಂಪನಿಯೂ ಬರುವುದಿಲ್ಲ ಕಾಕಾ.

ಹಿರಿಯ: ಬರಬಹುದು. ಭಾರತದ ಹಣವಂತರು ಮಾಲ್ದೀವ್ಸಿಗೆ ಹೋಗಿ ರಾತ್ರಿಗೆ ಕೊಡುವ ಬಾಡಿಗೆ ನೋಡಿದರೆ ಈ ಷರತ್ತುಗಳನ್ನು ಹೊತ್ತೂ ಲಾಭ ಉಳಿಯುತ್ತದೆ ಎಂದು ನನ್ನ ಅಂದಾಜು. ಹಡಗಿನ ಸಾಗಾಟದ ಹೆಚ್ಚುವರಿ ಖರ್ಚಿಗೆ ಸರ್ಕಾರ ಕೈಜೋಡಿಸಲಿ, ಅದಕ್ಕೆ ನಾನು ಆಗಲೇ ಒಪ್ಪಿದ್ದೇನೆ. ಮಂಗಳೂರಿನ ಹಳೆಯ ಬಂದರಿನಲ್ಲಿ ಲಕ್ಷದ್ವೀಪಕ್ಕೆಂದೇ ಜೆಟ್ಟಿ ಕಟ್ಟುವ ಯೋಜನೆ ಇದೆ, 2024ರ ಮೇ ತಿಂಗಳಲ್ಲಿ ವೇಗದ ಹಡಗೂ ಬಂದು ಹೋಯಿತು. ಅದು ಮೊದಲು ಸರಿಯಾಗಿ ನಡೆಯಲಿ. ಅಷ್ಟಾದರೂ ಯಾರೂ ಬರಲಿಲ್ಲ ಎಂದಿಟ್ಟುಕೊ. ಆಗ ತಿಳಿಯುವುದೇನು? ದ್ವೀಪದವರ ನೀರು, ಲಗೂನು, ನೆಲ ಮೂರನ್ನೂ ಲೆಕ್ಕಕ್ಕೆ ಹಿಡಿದರೆ ಆ ರೆಸಾರ್ಟ್ ಲಾಭದ ಕಸುಬೇ ಅಲ್ಲ, ಅವರ ಗಂಟಿನಿಂದ ಪುಕ್ಕಟೆ ತೆಗೆದುಕೊಂಡರೆ ಮಾತ್ರ ಲಾಭ ಎಂದು. ಸುಹೇಲಿಗೆ ಕವರತ್ತಿಯವರು ಮೀನಿಗೆ, ತೆಂಗಿನಕಾಯಿಗೆ ಹೋಗುತ್ತಲೇ ಇರುತ್ತಾರೆ. ಹಾಗೆ ಬಿಟ್ಟರೆ ದೇಶಕ್ಕೆ ಎಷ್ಟು ನಷ್ಟ ಎಂಬ ಲೆಕ್ಕವನ್ನು ಕಟ್ಟಬೇಕು ಎನ್ನುವವರು ಮೊದಲು ಮುಂದಿಡಲಿ, ಆಮೇಲೆ ನಿನ್ನ ರಿಯಾಯಿತಿಯ ಪಟ್ಟಿ ತೆಗೆಯೋಣ.